ಲುಸಾಕಾ ಎಷ್ಟು ದೂರ

ಮಳಖೇಡ
೯ ಜನವರಿ ೨೦೨೫

ಚಿ. ಸೌ. ನಾಗರತ್ನಾಗೆ ಅಕ್ಕನ ಆಶೀರ್ವಾದ. ಐನಾಪುರದಲ್ಲಿ ತೊಗರಿ ರಾಶಿ ಮುಗಿದಿರಬೇಕು, ಈಗಲಾದರೂ ಕೂತು ಉಣ್ಣು.

ಶರಣಕುಮಾರನಿಗೆ ಆಫ್ರಿಕಾದ ಲುಸಾಕಾದಲ್ಲಿ ಸಿಮೆಂಟ್ ಫ್ಯಾಕ್ಟರಿ ಕೆಲಸ ಸಿಕ್ಕಿದೆ, ಗಂಡನನ್ನು ಕಳಿಸಲೋ ಬೇಡವೋ ಎಂದು ಕೇಳಿದ್ದೀ. ಫೋನಿನಲ್ಲಿ ‘ಆ ಊರು ಎಷ್ಟ್ ದೂರ ಅದ ಅಕ್ಕಾ’ ಅಂದಾಗ, ಹಾಲು ಉಕ್ಕಿತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಮಾತಾಡಿದರೆ ಅಳು ಬರುತ್ತದೆ. ಅದಕ್ಕೇ ಈ ಕಾಗದ.

ದೂರ ಎಷ್ಟೆಂದು ನನ್ನ ಮೈದುನ ಸಂಗಮೇಶ್ವರನನ್ನು ಕೇಳಬೇಕು. ಹೋದ ಶ್ರಾವಣದಲ್ಲಿ ಅದೇ ಫ್ಯಾಕ್ಟರಿಗೆ ದುಡಿಯಲು ಹೋಗಿದ್ದ ನಿನ್ನ ಭಾವ ಅದೇ ಊರಿನಲ್ಲಿ ಜ್ವರ ಬಂದು ತೀರಿಕೊಂಡರೆಂದು ಸುದ್ದಿ ಮುಟ್ಟಿದಾಗ, ಅವನು ಮೊದಲು ಮೊಬೈಲ್ ತೆಗೆದು ನೋಡಿದ. ಹೈದರಾಬಾದಿಗೆ ಆರು ಸಾವಿರದ ಆರುನೂರು ಕಿಲೋಮೀಟರು, ವಿಮಾನಕ್ಕೆ ಎಂಟು ತಾಸು. ‘ನಾಳಿ ಮುಂಜಾನಿಗೆ ಅಣ್ಣ ಮನ್ಯಾಗ ಇರ್ತಾನ’ ಅಂದ. ಎಲ್ಲರೂ ನಂಬಿದೆವು. ಅಂದೇ ಹೊಲದಲ್ಲಿ ಕುಣಿ ತೆಗೆದರು, ನಮ್ಮಲ್ಲಿ ಸತ್ತವರನ್ನು ಕೂಡಿಸುವ ಹಾಗೆ ಒಳಗೆ ಗೂಡು ಕೊರೆದು. ನೇರ ವಿಮಾನವೇ ಇಲ್ಲ, ಸತ್ತವರಿಗೆ ಬೇರೆ ಕಾಗದಪತ್ರ ಬೇಕು ಎಂದು ಯಾರಿಗೆ ಗೊತ್ತಿತ್ತು?

ನೀನು ಆಗ ಬಾಣಂತಿ, ಬರಲಿಲ್ಲ. ಮುಂದಿನದು ನಿನಗೆ ಯಾರೂ ಹೇಳಿಲ್ಲ. ಮಠದ ಗುರುಲಿಂಗಯ್ಯನವರು ‘ತಗದ ಕುಣಿ ಖಾಲಿ ಬಿಡಬ್ಯಾಡ್ರಿ, ಯಾರನ್ನರ ಕರೀತದ’ ಎಂದು ಅದರಲ್ಲಿ ಬೇವಿನ ಟೊಂಗೆ ಹಾಕಿಸಿದರು. ಅದು ಒಣಗಿತು, ಇನ್ನೊಂದು ಹಾಕಿದೆವು. ಎರಡು ವಾರ ಕಳೆದ ಮೇಲೆ ಪೆಟ್ಟಿಗೆ ಬಂತು. ತೆರೆಯಕೂಡದು ಎಂದು ಚೀಟಿ ಅಂಟಿಸಿದ್ದರು. ಕೂಡಿಸಲು ತೆಗೆದ ಕುಣಿಯನ್ನು ಉದ್ದಕ್ಕೆ ಅಗೆದು ಪೆಟ್ಟಿಗೆಯನ್ನೇ ಮಲಗಿಸಿದರು. ಅಂಗೈಯಲ್ಲಿ ಇಡಬೇಕಾದ ಲಿಂಗವನ್ನು ಮುಚ್ಚಳದ ಮೇಲೆ ಇಟ್ಟರು.

ಈಗ ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿದರೆ ಸಾಕು, ಅವರು ಬಾಗಿಲಲ್ಲಿ ಇರುತ್ತಾರೆ. ‘ಕುಂದ್ರಿ’ ಅನ್ನುತ್ತೇನೆ, ಕುರ್ಚಿ ಸರಿಸುತ್ತೇನೆ, ಕಂಬಳಿ ಹಾಸುತ್ತೇನೆ. ಕೂಡುವುದಿಲ್ಲ. ಹೊರಗೆ ಗಾಡಿ ಕಾಯುತ್ತಿರುವವರ ಹಾಗೆ ನಿಂತೇ ಇರುತ್ತಾರೆ. ಭಾಳ ಹೆದರಿಕೆಯಾಗುತ್ತದೆ ನಾಗು, ಆದರೂ ಮರುದಿನ ಅದೇ ಹೊತ್ತಿಗೆ ಹೋಗಿ ಮಲಗುತ್ತೇನೆ.

ಇಷ್ಟು ಓದಿದ ಮೇಲೆ ನೀನು ಶರಣಕುಮಾರನ ಪಾಸ್‌ಪೋರ್ಟನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುವವಳೇ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಹಾಗೆ ಮಾಡಬೇಡ. ಕಳಿಸು. ಎರಡು ವರ್ಷ ಹೇಗೋ ಹೋಗುತ್ತದೆ. ಅವನಿಗೆ ಕಟ್ಟಿಕೊಡಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಾನೇ ಮಾಡಿ ತರುತ್ತೇನೆ. ಕೂಸಿಗೆ ಒಂದು ಮುತ್ತು.

ನಿನ್ನ ಅಕ್ಕ
ಉಮಾದೇವಿ

ತಾ.ಕ.: ಫ್ಯಾಕ್ಟರಿಯವರಿಗೆ ಶರಣಕುಮಾರನ ಹೆಸರು ಕೊಟ್ಟವಳು ನಾನೇ. ಪೆಟ್ಟಿಗೆಯೊಳಗಿನ ಮುಖವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನಮ್ಮವರು ಒಬ್ಬರಾದರೂ ಅಲ್ಲಿಗೆ ಹೋಗಿ, ನಿನ್ನ ಭಾವ ಇನ್ನೂ ಅಲ್ಲೇ ಇದ್ದಾರೇನೋ ನೋಡಬೇಕು. ವಿಮಾನ ಹತ್ತುವವರೆಗೆ ಇದನ್ನು ಅವನಿಗೆ ಹೇಳಬೇಡ.