ಕರೆದರೆ ನಿಲ್ಲುವವನು

ಜೂನ್ ೩, ಬೆಳಿಗ್ಗೆ

ಇವತ್ತೂ ನಾನೇ ಕಳ್ಳಿ. ನಿನ್ನೆ ಬಿದ್ದ ಗಾಯಕ್ಕೆ ಹಚ್ಚಿದ ಮುಲಾಮು ಇನ್ನೂ ಆರಿಲ್ಲ, ಆಗಲೇ ಮೈದಾನಕ್ಕೆ ಬುಲಾವ್. ನಮ್ಮ ಪೊಲೀಸ್ ಸ್ಟೇಷನ್ನಿನಲ್ಲಿ ನನ್ನಷ್ಟು ಜೋರಾಗಿ ಓಡುವ ಕಾನ್‌ಸ್ಟೇಬಲ್ ಇನ್ನೊಬ್ಬರಿಲ್ಲವಂತೆ. ಹೊಗಳಿ ಹೊಗಳಿಯೇ ಮಂಡಿಯ ಚರ್ಮ ಸುಲಿದರು.

ಎಲ್ಲ ಆ ತರಕಾರಿ ಗಾಡಿಯಿಂದ. ಹೋದ ತಿಂಗಳು ಕಳ್ಳನ ಬೆನ್ನು ಹತ್ತಿದ್ದ ನಮ್ಮ ಜೀಪು ಹೋಗಿ ಅದಕ್ಕೆ ಗುದ್ದಿತು. ಗಾಡಿಯವನ ಕೈ ಮುರಿಯಿತು, ಕಳ್ಳ ತಪ್ಪಿಸಿಕೊಂಡ. ಮೇಲಿನಿಂದ ಆದೇಶ — ಇನ್ನು ಯಾರನ್ನೂ ಅಟ್ಟಿಸಿಕೊಂಡು ಹೋಗಬಾರದು. ಓಡುವವನನ್ನು ನಿಂತಲ್ಲಿಂದಲೇ ನಿಲ್ಲಿಸಬೇಕು. ಹೇಗೆ ಎಂದು ಕಂಡುಹಿಡಿಯಲು ಹೆಡ್ಡಾಫೀಸಿನಿಂದ ಒಬ್ಬರು ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ಬಂದಿದ್ದಾರೆ. ನಾವು ಅವರಿಗಿಟ್ಟ ಹೆಸರು ಪ್ರಯೋಗ ಸಾಹೇಬರು.

ನಿನ್ನೆ ಬಲೆ ಹಾರಿಸುವ ಬಂದೂಕು. ಹಾರಿಸಿದವನು ಉದ್ದಣ್ಣ — ಕಾನ್‌ಸ್ಟೇಬಲ್‌ಗಳಲ್ಲಿ ಅವನದೇ ಗುರಿ ಗಟ್ಟಿ. ಮೊದಲ ಸಲ ಬಲೆ ಹೋಗಿ ಬಾವುಟದ ಕಂಬವನ್ನು ಹಿಡಿಯಿತು. ಕಂಬ ತಪ್ಪೊಪ್ಪಿಕೊಂಡಿದೆ ಸಾರ್, ಎಂದ. ಎರಡನೆಯ ಸಲ ಸರಿಯಾಗಿ ನನ್ನನ್ನೇ.

ಇವತ್ತು ಏನೋ ಜಾರುವ ದ್ರವವಂತೆ...

ಜೂನ್ ೩, ಸಂಜೆ

ಜಾರುವ ದ್ರವ ಕೆಲಸ ಮಾಡುತ್ತದೆ. ಪ್ರಯೋಗ ಸಾಹೇಬರೇ ಜಾರಿದರು. ಇನ್‌ಸ್ಪೆಕ್ಟರ್ ಗೋಡೆಯ ಕಡೆ ತಿರುಗಿ ನಿಂತರು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಬಣ್ಣದ ಉಂಡೆ — ಮೈಗೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ, ಎಷ್ಟು ತೊಳೆದರೂ ಹೋಗದು. ಓಡಿ ಹೋದವನನ್ನು ಮೂಗಿನಿಂದಲೇ ಹುಡುಕಬಹುದಂತೆ. ನನ್ನ ಬೆನ್ನಿಗೆ ಬಿತ್ತು.

ಮನೆಗೆ ಬಂದರೆ ಅಮ್ಮ ಹೊಲಿಗೆ ಮೆಷಿನ್ ಬಿಟ್ಟು ಎದ್ದು ಕಿಟಕಿ ತೆರೆದಳು. ಬಟಾಣಿ ಮೂಗು ಹಿಡಿದುಕೊಂಡೇ ಸೂಜಿಗಳಿಗೆ ದಾರ ಪೋಣಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ತಮ್ಮನನ್ನು ಇನ್ನೂ ಬಟಾಣಿ ಎನ್ನುತ್ತೇವೆ. ಚಿಕ್ಕವನಿದ್ದಾಗ ಎಷ್ಟು ಹಿಡಿದರೂ ಕೈಯಿಂದ ಉರುಳಿಹೋಗುತ್ತಿದ್ದ. ಹೊರಗೆ ಯಾರ ಎದುರಾದರೂ ಕರೆದರೆ ಕಿವಿ ಕೆಂಪಾಗುತ್ತದೆ.

ಅಮ್ಮನ ಕಣ್ಣು ಮಂಜು. ಹೆಮ್ಮಿಂಗ್ ಸೂಜಿಗಳಿಗೆ ದಾರ ಹಾಕಿ ಪುಟ್ಟ ದಿಂಬಿಗೆ ಚುಚ್ಚಿಡುವುದು ಅವನ ಕೆಲಸ. ನೀನು ಮಾಡುವ ಒಂದೇ ಕೆಲಸ ಎಂದು ರೇಗಿಸಿದೆ. ವರ್ಕ್‌ಶಾಪ್ ಬಿಟ್ಟಿದ್ದಾನೆ. ಬೇರೆ ಕಡೆ ಸಿಕ್ಕಿದೆ ಅನ್ನುತ್ತಾನೆ. ಯಾವ ಕಡೆ ಎಂದರೆ ಮಾತು ತೇಲಿಸುತ್ತಾನೆ.

ಜೂನ್ ೫

ಇದನ್ನು ಬರೆದಿಡಲೇಬೇಕು. ಕಾರಿನ ಬ್ಯಾಟರಿ ಕದಿಯುವ ಮೀಸೆಯವನನ್ನು ವಿಚಾರಣೆಗೆ ತಂದಿದ್ದರು. ಟಾಯ್ಲೆಟ್ಟಿಗೆ ಎಂದು ಹೋದವನು ಕಾಂಪೌಂಡ್ ಹಾರಿದ. ಉದ್ದಣ್ಣ ಬಲೆ ಬಂದೂಕು ಹುಡುಕುವಷ್ಟರಲ್ಲಿ ಮೀಸೆಯವನು ರಸ್ತೆಯ ತುದಿಯಲ್ಲಿದ್ದ. ಗೇಟಿನ ಹತ್ತಿರ ಅವನ ಅಜ್ಜಿ, ಕೈಯಲ್ಲಿ ಊಟದ ಡಬ್ಬಿ.

"ಕೂಸೇ, ಊಟ ಬಿಟ್ಟು ಎಲ್ಲಿಗೆ ಹೊರಟೆ?"

ಅಷ್ಟೇ. ಅಷ್ಟು ದೊಡ್ಡ ಮೀಸೆ ಹೊತ್ತ ಕೂಸು ಗಕ್ಕನೆ ನಿಂತಿತು. ತಲೆ ತಗ್ಗಿಸಿಕೊಂಡು ವಾಪಸ್ ಬಂದು ಡಬ್ಬಿ ಇಸಿದುಕೊಂಡಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಪ್ರಯೋಗ ಸಾಹೇಬರು ನಗಲಿಲ್ಲ. ನಿಲ್ಲು ಎಂದರೆ ಓಡುವವನಿಗೆ ಪೊಲೀಸ್ ಕೇಳಿಸುತ್ತಾನೆ, ಮನೆಯಲ್ಲಿ ಕರೆಯುವ ಹೆಸರು ಕೂಗಿದರೆ ತಲೆಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ ಎಂದರು. ಇದೂ ಒಂದು ಉಪಾಯವೇ ಎಂದು ಬರೆದುಕೊಂಡರು. ಸಂಜೆಯವರೆಗೂ ಸ್ಟೇಷನ್ನಿನಲ್ಲಿ ಒಬ್ಬರನ್ನೊಬ್ಬರು ಮನೆಯ ಹೆಸರು ಕೇಳುವುದೇ ಕೆಲಸ. ಉದ್ದಣ್ಣ ಮಾತ್ರ ಬಾಯಿ ಬಿಡಲಿಲ್ಲ.

ನನಗೆ ನೀರಿನ ಟ್ಯಾಂಕು ನೆನಪಾಯಿತು. ಅಪ್ಪನಿಗೆ ಸಿಟ್ಟು ಬಂದರೆ ಬೆಲ್ಟ್ ಬಿಚ್ಚುತ್ತಿದ್ದ. ಬಟಾಣಿ ತಾರಸಿಗೆ ಓಡಿ ಟ್ಯಾಂಕಿನ ಹಿಂದೆ ಅವಿತುಕೊಳ್ಳುತ್ತಿದ್ದ. ಅಮ್ಮ ಕರೆದರೆ ಬರುತ್ತಿರಲಿಲ್ಲ, ಅಪ್ಪ ಕರೆಸುತ್ತಿದ್ದಾನೆ ಎಂಬ ಅನುಮಾನ. ಅಪ್ಪ ಹೊರಗೆ ಹೋದ ಮೇಲೆ ನಾನು ಮೆಟ್ಟಿಲ ಬುಡದಿಂದ ಮೆಲ್ಲಗೆ ಬಟಾಣೀ ಎನ್ನುತ್ತಿದ್ದೆ. ಮೇಲಿನಿಂದ ಕೇಳುತ್ತಿದ್ದ — ಹೋದ್ರಾ? ಹೋದ್ರು, ಬಾ ಎನ್ನುತ್ತಿದ್ದೆ. ಬರುತ್ತಿದ್ದ. ಅಪ್ಪನೂ ಹೋದ, ಆ ಮನೆಯೂ ಹೋಯಿತು. ಈಗಲೂ ಅವನಿಗೆ ಏನಾದರೂ ಹೇಳಬೇಕಾದರೆ ಅಮ್ಮ ನನ್ನನ್ನೇ ಮುಂದೆ ದೂಡುತ್ತಾಳೆ.

ಜೂನ್ ೮, ಮಧ್ಯಾಹ್ನ

ಯಾರೂ ಇಲ್ಲದ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮಾರ್ಕೆಟ್ಟಿನಲ್ಲಿ ಫೋನ್ ಕಿತ್ತುಕೊಂಡು ಓಡುವವನ ವಿಡಿಯೋ ತೋರಿಸಿದರು. ಮೊನ್ನೆ ಅವನು ಎಳೆದ ರಭಸಕ್ಕೆ ರಿಟೈರ್ ಆದ ಟೀಚರೊಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಇನ್ನು ಇವನನ್ನು ಬಿಡುವ ಹಾಗಿಲ್ಲ, ಹೊಸ ಸಾಮಾನು ಮೊದಲು ಇವನ ಮೇಲೆಯೇ ಎಂದರು ಇನ್‌ಸ್ಪೆಕ್ಟರ್. ಮುಖಕ್ಕೆ ಮಾಸ್ಕ್, ತಲೆಗೆ ಟೋಪಿ. ಗುರುತು ಸಿಗುವುದಿಲ್ಲ.

ಗುರುತು ಸಿಕ್ಕಿತು. ಎಡಗೈ ಎದೆಯ ಜೇಬನ್ನು ಒತ್ತಿ ಹಿಡಿದಿದೆ — ಜೇಬಿನ ಗೋಲಿ ಬೀಳಬಾರದೆಂದು ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ. ತಿರುವು ಬಂದಾಗ ವೇಗ ತಗ್ಗಿಸುವುದಿಲ್ಲ. ಅಂಗೈಯನ್ನು ಗೋಡೆಗೆ ಒತ್ತಿ ಹಾಗೇ ತಿರುಗುತ್ತಾನೆ.

ಅದನ್ನು ಹೇಳಿಕೊಟ್ಟವಳು ನಾನು.

ಬೇರೆ ಯಾರೋ ಇರಬಹುದು. ಗೋಡೆ ಮುಟ್ಟಿ ತಿರುಗುವವರು ಊರಲ್ಲಿ ಎಷ್ಟು ಜನ ಇಲ್ಲ...

ಜೂನ್ ೯

ಪ್ರಯೋಗ ಸಾಹೇಬರು ವಿಡಿಯೋ ಮತ್ತೆ ಹಾಕಿ, ಇವನು ಓಡುವ ಹಾಗೇ ಓಡು ಎಂದರು. ಹಳೆಯ ಗೋಡೌನಿನ ಓಣಿಯಲ್ಲಿ ಓಡಿದೆ. ಬೇಕೆಂದೇ ಕಾಲು ತಪ್ಪಿಸಿದೆ, ಕೈ ಬೇರೆ ಕಡೆ ಇಟ್ಟೆ. ತಿರುವು ಬಂದದ್ದೇ ಅಂಗೈ ತಾನಾಗಿ ಗೋಡೆಗೆ ಹೋಯಿತು.

"ಒಬ್ಬರೇ ಕೋಚ್ ಹತ್ರ ಕಲ್ತ ಹಾಗಿದೆ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೇಳಿದರೆ ಅವನು ಜೈಲಿಗೆ. ಹೇಳದಿದ್ದರೆ ನನ್ನ ಯೂನಿಫಾರ್ಮ್ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬ ಟೀಚರ್ ಬೀಳುತ್ತಾರೆ. ಭಯವಾಗುತ್ತಿದೆ. ಎರಡಕ್ಕೂ ಭಯ.

ಜೂನ್ ೧೦, ಬೆಳಿಗ್ಗೆ

ಬಟ್ಟೆ ಒಣಹಾಕುವಾಗ ಬಟಾಣಿ ಒಬ್ಬನೇ ಸಿಕ್ಕ. ಸುತ್ತಿ ಬಳಸದೆ ಹೇಳಿಬಿಟ್ಟೆ. ಮಾರ್ಕೆಟ್ಟಿನ ವಿಡಿಯೋ ನೋಡಿದೆ, ನಾಳೆ ನನ್ನ ಜೊತೆ ಸ್ಟೇಷನ್ನಿಗೆ ಬಾ, ತಾನಾಗಿ ಬಂದವನಿಗೆ ಶಿಕ್ಷೆ ಬೇರೆ, ಸಿಕ್ಕಿಬಿದ್ದವನಿಗೆ ಬೇರೆ. ಒದ್ದೆ ಶರ್ಟನ್ನು ಹಿಂಡುತ್ತಲೇ ಇದ್ದ, ನೀರು ಇಳಿಯುವುದು ನಿಂತ ಮೇಲೂ.

"ನಂಗೂ ಓಡೋದು ಬಿಟ್ರೆ ಬೇರೆ ಏನು ಬರತ್ತೆ ಅಕ್ಕ? ನೀನು ಸಂಬಳಕ್ಕೆ ಓಡ್ತೀಯ, ಅಷ್ಟೇ ವ್ಯತ್ಯಾಸ."

ಕೆನ್ನೆಗೆ ಹೊಡೆಯಬೇಕೆನಿಸಿತು. ಆ ಟೀಚರ ಸೊಂಟ ಮುರಿದ ವಿಷಯ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಮುಖ ಬಿಳುಚಿತು. ನಾಳೆ ಬರುತ್ತೇನೆ ಎಂದ. ಅಮ್ಮನಿಗೆ ಹೇಳಬೇಡ ಎಂದ.

ಜೂನ್ ೧೧

ಬಟಾಣಿ ಮನೆಯಲ್ಲಿಲ್ಲ. ದಿಂಬಿನ ತುಂಬ ಸೂಜಿ ಚುಚ್ಚಿಟ್ಟು ಹೋಗಿದ್ದಾನೆ. ಎಲ್ಲಕ್ಕೂ ದಾರ ಹಾಕಿದ್ದಾನೆ.

ಜೂನ್ ೧೯

ಫೋನ್ ಸ್ವಿಚ್ ಆಫ್. ಅಮ್ಮನ ಹತ್ತಿರ ಹೊರಊರಿನಲ್ಲಿ ಕೆಲಸ ಅಂದಿದ್ದೇನೆ. ನಂಬಿದಳೋ ಇಲ್ಲವೋ. ದಾರ ಮುಗಿದ ಸೂಜಿಗಳನ್ನು ಬೇರೆ ಇಡುತ್ತಿದ್ದಾಳೆ. ನಾನು ಹಾಕಿಕೊಡುತ್ತೇನೆ ಎಂದರೆ, ಬೇಡ, ಅವನು ಬರಲಿ ಎನ್ನುತ್ತಾಳೆ.

ಇವತ್ತು ಹಗ್ಗ. ಟಾರ್ಚಿನಷ್ಟು ದೊಡ್ಡ ಡಬ್ಬಿ. ಗುಂಡಿ ಒತ್ತಿದರೆ ತೆಳ್ಳನೆಯ ಹಗ್ಗ ಹಾರಿ ಬಂದು ಎರಡೂ ಕಾಲಿಗೆ ಸುತ್ತಿಕೊಳ್ಳುತ್ತದೆ. ಇದೇ ಒಳ್ಳೆಯದು ಎಂದು ತೀರ್ಮಾನವಾಯಿತು. ಉದ್ದಣ್ಣ ಒಂದು ಸಲವೂ ತಪ್ಪಲಿಲ್ಲ. ನೋವಾಗುವುದಿಲ್ಲವಂತೆ. ಹಗ್ಗದಿಂದ ನೋವಿಲ್ಲ ನಿಜ. ಆದರೆ ಓಡುತ್ತಿದ್ದವಳ ಮಂಡಿಗಳು ಒಂದಕ್ಕೊಂದು ಬಿಗಿದ ಮೇಲೆ ಮೈ ಎಲ್ಲಿಗೆ ಹೋಗಬೇಕು? ಮುಂದಕ್ಕೆ, ಮರ ಬಿದ್ದ ಹಾಗೆ. ನನಗೆ ಕೆಳಗೆ ಹಾಸಿಗೆ ಹಾಸಿದ್ದರು.

ಬಿದ್ದಾಗಲೆಲ್ಲ ಅವನೇ ಬಿದ್ದ ಹಾಗೆ ಅನಿಸಿತು. ಹೇಳಿಬಿಡಲೇ ಎಂದು ಇನ್‌ಸ್ಪೆಕ್ಟರ್ ರೂಮಿನ ಬಾಗಿಲವರೆಗೆ ಹೋದೆ. ಯಾರೋ ಇದ್ದರು. ವಾಪಸ್ ಬಂದೆ. ಯಾರೂ ಇಲ್ಲದಿದ್ದರೂ ವಾಪಸ್ ಬರುತ್ತಿದ್ದೆನೋ ಏನೋ.

ಜೂನ್ ೨೬

ಸಿಕ್ಕ.

ಮಧ್ಯಾಹ್ನ ಮಾರ್ಕೆಟ್ಟಿನಿಂದ ಕರೆ. ಫೋನ್ ಕಿತ್ತುಕೊಂಡು ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಿದ್ದಾನೆ, ಕೆಳಗಿನ ಬಾಗಿಲು ಹಾಕಿದ್ದಾರೆ. ಮೂರನೆಯ ಮಹಡಿಯ ತಾರಸಿ. ನಾನು, ಉದ್ದಣ್ಣ, ಇನ್‌ಸ್ಪೆಕ್ಟರ್, ಪ್ರಯೋಗ ಸಾಹೇಬರು ಮೆಟ್ಟಿಲ ಮೇಲ್ಬಾಗಿಲ ಮರೆಯಲ್ಲಿ. ಅವನು ತಾರಸಿಯ ಅಂಚಿನ ಗೋಡೆಯ ಮೇಲೆ ಹತ್ತಿಬಿಟ್ಟಿದ್ದ. ಪಕ್ಕದ ಕಟ್ಟಡಕ್ಕೆ ಹಾರಲು ಜಾಗ ಹುಡುಕುತ್ತ ಅದರ ಮೇಲೆಯೇ ಓಡಾಡುತ್ತಿದ್ದ. ಎಡಗೈ ಜೇಬಿನ ಮೇಲೆ.

ಉದ್ದಣ್ಣ ಡಬ್ಬಿ ಎತ್ತಿದ. ಪ್ರಯೋಗ ಸಾಹೇಬರು ಕಾಲಿಗೆ ಹಾಕು ಎಂದರು. ಇದೂ ಮೈದಾನ, ಕೆಳಗೆ ಹಾಸಿಗೆ ಇದೆ ಅಂದುಕೊಂಡಿದ್ದಾರೆ! ನಾನು ಉದ್ದಣ್ಣನ ಕೈ ಹಿಡಿದುಕೊಂಡೆ. ಹೊರಗಡೆಗೆ ಬೀಳ್ತಾನೆ ಸಾರ್ ಎಂದೆ. ಬಿಟ್ಟರೆ ಹಾರ್ತಾನೆ, ಹಾರಿದರೂ ಬೀಳ್ತಾನೆ ಎಂದರು ಇನ್‌ಸ್ಪೆಕ್ಟರ್. ಅದೂ ನಿಜ. ನಡುವಿನ ಜಾಗ ನಾನೂ ಹಾರಲಾರದಷ್ಟು.

"ಬೇರೆ ದಾರಿ ಇದ್ರೆ ಈಗ್ಲೇ ಹೇಳಮ್ಮ."

ಇತ್ತು. ಕರೆದೆ. ಕೂಗಲಿಲ್ಲ, ಮೆಲ್ಲಗೇ ಕರೆದೆ.

ನಿಂತ. ಇಳಿದು ಬಂದ. ಉದ್ದಣ್ಣ ಹಿಂದಿನಿಂದ ತಬ್ಬಿ ಹಿಡಿದ. ಹಗ್ಗ ಬೇಕಾಗಲಿಲ್ಲ.

ಇಷ್ಟು ಸಾಕು.

ಜೂನ್ ೨೭

ಅವನು ಅಕ್ಕ ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದಾರೆ. ಇನ್‌ಸ್ಪೆಕ್ಟರ್ ಬಾಗಿಲು ಹಾಕಿಸಿ ಕೂರಿಸಿದರು. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುವುದು ತಮ್ಮ ಕೆಲಸ, ಆದರೆ ಇವತ್ತು ಕೇಳುವುದಿಲ್ಲ ಎಂದರು. ನಾನಾಗಿಯೇ ಹೇಳಿದೆ. ನಾಳೆ ಬರೆದು ಕೊಡು, ಇವತ್ತು ಮನೆಗೆ ಹೋಗು ಎಂದರು.

ಹೋಗುವ ಮೊದಲು ಲಾಕಪ್ಪಿನ ಹತ್ತಿರ ನಿಂತೆ. ಬಟಾಣೀ ಎಂದೆ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದವನು ತಿರುಗಲಿಲ್ಲ.

"ರೆಕಾರ್ಡಲ್ಲಿರೋ ಹೆಸರು ಹಿಡಿದು ಕರೀರಿ ಮೇಡಂ."

ಮೇಡಂ ಎಂದ. ಉದ್ದಣ್ಣ ಎಲ್ಲಿಗೋ ಎದ್ದು ಹೋದ.

ಫೋನ್ ಕದಿಯುತ್ತಿದ್ದ, ಪೊಲೀಸರಿಗೆ ಸಿಕ್ಕಿಬಿದ್ದ ಎಂದಷ್ಟೇ ಅಮ್ಮನಿಗೆ ಹೇಳಿದೆ. ಅಳಲಿಲ್ಲ. ಮೆಷಿನ್ನಿಗೆ ಬಟ್ಟೆ ಹೊದಿಸಿ ಮಲಗಿದಳು.

ಜೂನ್ ೩೦, ಸಂಜೆ

ಸಸ್ಪೆನ್ಷನ್ ಬರಬಹುದು, ಬರದೆಯೂ ಇರಬಹುದು. ಏಕೆಂದರೆ ಪ್ರಯೋಗ ಸಾಹೇಬರು ಹೆಡ್ಡಾಫೀಸಿಗೆ ನನ್ನನ್ನು ಹಾಡಿ ಹೊಗಳಿದ್ದಾರೆ. ಬಲೆ, ಹಗ್ಗ, ಬಣ್ಣ ಎಲ್ಲಕ್ಕಿಂತ ಮನೆಯ ಹೆಸರು ಹಿಡಿದು ಕರೆಯುವುದೇ ಅಗ್ಗ, ಯಾರಿಗೂ ಗಾಯವಿಲ್ಲ. ಇನ್ನು ಮೇಲೆ ಯಾರ ಮನೆಗೆ ವಿಚಾರಣೆಗೆ ಹೋದರೂ ಎರಡು ಪ್ರಶ್ನೆ ಹೆಚ್ಚಿಗೆ ಕೇಳಬೇಕಂತೆ. ಮನೆಯಲ್ಲಿ ಏನೆಂದು ಕರೆಯುತ್ತೀರಿ? ಯಾರು ಕರೆದರೆ ಬರುತ್ತಾನೆ? ಯಾವ ದನಿಯಲ್ಲಿ ಕರೆಯಬೇಕು ಎಂದು ಬೇರೆ ಸ್ಟೇಷನ್ನಿನವರಿಗೆ ನಾನು ಕಲಿಸಬೇಕಂತೆ. ಯಾರ್ಯಾರದೋ ಅಮ್ಮಂದಿರು, ಅಜ್ಜಿಯರು ಗೊತ್ತಿಲ್ಲದೆ ಹೇಳಿಬಿಡುತ್ತಾರೆ. ನಾಚಿಕೆಯಾಗುತ್ತದೆ. ಅವನು ಬದುಕಿದ್ದಾನೆ ಎನ್ನುವುದನ್ನೇ ಹಿಡಿದುಕೊಂಡಿದ್ದೇನೆ. ಕಾಲು ನೆಟ್ಟಗಿದೆ, ತಲೆ ನೆಟ್ಟಗಿದೆ. ನಾನು ಮಾಡಿದ್ದು ಸರಿ. ಇನ್ನೊಂದು ಸಲ ಹೀಗಾದರೂ ಕರೆಯುತ್ತೇನೆ. ಇನ್ನೊಂದು ಸಲ ಅವನು ನಿಲ್ಲುವುದಿಲ್ಲ.

ಅಮ್ಮ ಇವತ್ತು ಮೆಷಿನ್ನಿನ ಬಟ್ಟೆ ತೆಗೆದಳು. ಸೂಜಿಗಳನ್ನೆಲ್ಲ ತಂದು ನನ್ನ ಮುಂದಿಟ್ಟಿದ್ದಾಳೆ, ದಾರ ಹಾಕಿಕೊಡು ಎಂದು. ಇಲ್ಲೇ ಎದುರಿಗೆ ಕೂತಿದ್ದಾಳೆ. ಮೂರು ದಿನದಿಂದ ಕೇಳದೆ ಇದ್ದದ್ದನ್ನು ಈಗ ಕೇಳುತ್ತಿದ್ದಾಳೆ — ಯಾರ ಕೈಗೂ ಸಿಗದವನು ಹೇಗೆ ಸಿಕ್ಕ? ಹೊಡೆದರಾ? ಬಿದ್ದನಾ?

ಹೊಡೆಯಲಿಲ್ಲ ಎಂದೆ. ಬೀಳಲಿಲ್ಲ ಎಂದೆ. ನಾನು ಕರೆದೆ ಎಂದೆ.

ಅಮ್ಮನಿಗೆ ಅರ್ಥವಾಗಲಿಲ್ಲ. ನೀನು ಕರೆದರೆ ಬರುತ್ತಾನೆ ನಿಜ, ಆದರೆ ಪೊಲೀಸರು ಇದ್ದರಲ್ಲ, ಹೇಗೆ ಬಂದ ಎನ್ನುತ್ತಿದ್ದಾಳೆ. ಕಾಯುತ್ತಿದ್ದಾಳೆ. ಹೇಳಿಬಿಡಬೇಕು. ಅವನಿಗೆ ನಾವು ಯಾರೂ ಕಾಣುತ್ತಿರಲಿಲ್ಲ ಅಮ್ಮ, ನನ್ನ ದನಿ ಮಾತ್ರ. ಗೋಡೆಯ ಮೇಲೆ ನಿಂತೇ, ಟ್ಯಾಂಕಿನ ಹಿಂದಿನಿಂದ ಕೇಳುತ್ತಿದ್ದ ಹಾಗೇ ಕೇಳಿದ — ಅಕ್ಕಾ, ಹೋದ್ರಾ?

ನಾನು