ಬಲೆಯ ಗಂಟುಗಳು

ಕೆದಿರಿ, ಆಗಸ್ಟ್ ೨೦, ಭಾನುವಾರ

ಇನ್ನೂರು ಫೋಟೊ ತೆಗೆದೆ, ತಮ್ಮ ದಮಾರ್‌ನ ಮುಖ ಒಂದರಲ್ಲೂ ಇಲ್ಲ. ಮಂಡಿ ಕೆಟ್ಟುಹೋಗಿರುವ ಅವನು ಇವತ್ತು ಆಡಿದ್ದೇ ಕೊನೆಯ ಫುಟ್‌ಬಾಲ್. ನನ್ನ ಪುಟ್ಟ ಲೆನ್ಸಿಗೆ ದೂರದ್ದು ಎಟುಕುವುದಿಲ್ಲವೆಂದು ಗೋಲಿನ ಹಿಂದೆಯೇ ಕೂತಿದ್ದೆ. ಅವನು ನೇರ ನನ್ನೆದುರಿಗೇ ಬಂದು ಗೋಲು ಹೊಡೆದ. ಈ ಹಾಳು ಕ್ಯಾಮೆರಾ ಫೋಕಸ್ ಮಾಡಿದ್ದು ಬಲೆಯನ್ನು. ಅದರ ಒಂದೊಂದು ಗಂಟನ್ನೂ ಎಣಿಸಬಹುದು, ಆಚೆಗಿನ ಆಟಗಾರರೆಲ್ಲ ಬರೀ ಮಂಜು. ಎಷ್ಟು ದೊಡ್ಡದು ಮಾಡಿ ನೋಡಿದರೂ ಮಂಜೇ ದೊಡ್ಡದಾಗುತ್ತದೆ.

"ಬಲೆ ಹೆಣೆದೋನಿಗೆ ಕೊಡಕ್ಕ, ಖುಷಿ ಪಡ್ತಾನೆ" ಎಂದ ದಮಾರ್.

ಅಷ್ಟರಲ್ಲಿ ಅಮ್ಮ ಬಂದು ಫೋಟೊ ಮೇಲೆ ಬೆರಳಿಟ್ಟಳು. "ಇವ್ನೇ ಅಲ್ವೇನೇ ನಮ್ಮೋನು?"

ಜೆರ್ಸಿಯ ಬಣ್ಣ ನೋಡಿದರೆ, ಬೆರಳು ಇದ್ದದ್ದು ಎದುರು ತಂಡದವನ ಮೇಲೆ. ನಾನು ಏನಾದರೂ ಹೇಳುವ ಮೊದಲೇ ದಮಾರ್ ಬಗ್ಗಿ ನೋಡಿದ.

"ಹೂಂ ಅಮ್ಮ, ನಾನೇ" ಎಂದ.