ಗೋಡೆಯಿಂದ ಇಳಿಸಿದ ಕ್ಷೌರಿಕನನ್ನು ಮತ್ತೆ ತೂಗುಹಾಕಿ

ಅಪರೂಪದ ಗ್ರಂಥಗಳ ಭಂಡಾರದ ನಿರ್ದೇಶಕರಾದ ಮಾನ್ಯರೇ,

ಯುದ್ಧಕಾಲದ ಭಿತ್ತಿಪತ್ರಗಳ ಪ್ರದರ್ಶನದಿಂದ ನೀವು ಒಂದನ್ನು ಮಾತ್ರ ಇಳಿಸಿ ಒಳಗಿಟ್ಟಿದ್ದೀರಿ. ಅದರಲ್ಲಿರುವುದು ನನ್ನ ಅಪ್ಪ. ಅವನನ್ನು ಮತ್ತೆ ತೂಗುಹಾಕಿ.

ಚಿತ್ರ ನಿಮಗೆ ಗೊತ್ತಿರುವುದೇ. ಕ್ಷೌರಿಕನೊಬ್ಬ ಗಿರಾಕಿಯ ಬಾಯಿಗೆ ಕಿವಿಯೊಡ್ಡಿ ಬಾಗಿದ್ದಾನೆ. ಅವನ ನೆರಳು ಶತ್ರುಸೈನಿಕನದು. ಕೆಳಗೆ ಕೆಂಪಕ್ಷರ: 'ಮಾತಾಡಿದಿರೋ, ಕೆಟ್ಟಿರಿ.' ಸೀಳಿದ ಎಡಹುಬ್ಬು, ಮೊಂಡುಮೂಗು, ಎಲ್ಲವೂ ಅಪ್ಪನದೇ. ಬರೆದ ಕಲಾವಿದ ಅಪ್ಪನ ಕಾಯಂ ಗಿರಾಕಿ. ಗಲ್ಲವನ್ನು ಅಪ್ಪನ ಕ್ಷೌರದ ಕತ್ತಿಗೆ ನಂಬಿ ಕೊಟ್ಟು, ಎದುರಿನ ಕನ್ನಡಿಯಿಂದ ಅಪ್ಪನ ಮುಖ ಕದ್ದ ಮಹಾನುಭಾವ. ನಿಮ್ಮ ಹೊಸ ವಾಚನಾಲಯಕ್ಕೆ ಅವನ ಹೆಸರನ್ನೇ ಇಟ್ಟಿದ್ದೀರಲ್ಲವೇ? ಅಭಿನಂದನೆಗಳು.

ಆ ಕಾಗದ ಬೀದಿಬೀದಿಯ ಗೋಡೆಗೆ ಅಂಟಿದ ಮೇಲೆ ಜನ ನಮ್ಮ ಅಂಗಡಿಯತ್ತ ತಲೆಹಾಕಲಿಲ್ಲ. ಯಾರೋ ಕಲ್ಲೆಸೆದು ಕನ್ನಡಿ ಒಡೆದರು. ಅಪ್ಪ ನಕ್ಕು, "ಗಡ್ಡ ಬೆಳೆದ್ರೆ ಬಂದೇ ಬರ್ತಾರೆ, ಎಲ್ಲಿಗೆ ಹೋಗ್ತಾರೆ?" ಎಂದ. ಬಂದವರು ಪೊಲೀಸರು; ಹಿಡಿದೊಯ್ದು ಕತ್ತಲಕೋಣೆಗೆ ಹಾಕಿದರು. ಏನೂ ಸಿಗಲಿಲ್ಲವೆಂದು ಅವನನ್ನು ಬಿಟ್ಟಾಗ ಬಲಗೈ ಬೆರಳುಗಳು ಕತ್ತರಿ ಹಿಡಿಯುವಂತಿರಲಿಲ್ಲ. ಆಮೇಲೆ, ಮನೆಯಲ್ಲಿ ನಾನೂ ಅಮ್ಮನೂ ಮಾತಿಗೆ ಕೂತರೂ ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದ. "ಕೂತ್ಕೊಳ್ಳಪ್ಪಾ" ಎಂದರೆ, "ಬೇಡಮ್ಮ, ಕದ್ದು ಕೇಳಿಸ್ಕೊಂಡ ಅಂತಾರೆ" ಎನ್ನುತ್ತಿದ್ದ. ಹಾಗೆಯೇ ಸತ್ತ.

ನಿಮ್ಮ ಪ್ರದರ್ಶನಕ್ಕೆ ಅಪ್ಪನ ತಂಗಿಯನ್ನು, ನನ್ನ ಅತ್ತೆಯನ್ನು, ಕರೆದುಕೊಂಡು ಬಂದಿದ್ದೆ. "ಅಯ್ಯೋ, ನಮ್ಮಣ್ಣ ಕಣೇ!" ಎಂದು ಅವಳು ಗಾಜಿಗೆ ಹಣೆಯೊತ್ತಿ ನಿಂತಳು. ನಿಮ್ಮ ಕಚೇರಿಗೆ ಬಂದು ಎಲ್ಲವನ್ನೂ ಹೇಳಿದೆ. ಮರುದಿನ ಬಂದು ನೋಡಿದರೆ ಗೋಡೆಯಲ್ಲಿ ಬರೀ ಮೊಳೆ.

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ತೆಗೆಸಿದ್ವಿ ಮೇಡಂ," ಎಂದಿರಿ.

"ನಾನು ತೆಗೀರಿ ಅಂದ್ನಾ?"

"ಇಲ್ಲ... ಕಲಾವಿದರ ಮನೆಯವ್ರೂ ಸ್ವಲ್ಪ ಬೇಜಾರು ಮಾಡ್ಕೊಂಡ್ರು."

ಹಾಗೆ ಹೇಳಿ! ಗಾಯ ನಮಗೆ, ಮುಲಾಮು ಅವರಿಗೆ. ಅವನು ಬರೆದ ವೀರಯೋಧರು, ಬಾವುಟ ಹಿಡಿದ ಮಕ್ಕಳು, ಎಲ್ಲರೂ ಗೋಡೆಯ ಮೇಲೆ ಸುಖವಾಗಿದ್ದಾರೆ. ಅಪ್ಪನೊಬ್ಬನೇ ಕತ್ತಲಕೋಣೆಗೆ. ಬದುಕಿದ್ದಾಗ ಒಮ್ಮೆ ಹಾಕಿದ್ದು ಸಾಲದಾಗಿತ್ತೇ?

ಕ್ಷಮೆ ದೊಡ್ಡ ಗುಣವಂತೆ. ಅಮ್ಮನಿಗೆ ಅದಿತ್ತು, ಅವಳೊಂದಿಗೇ ಮಣ್ಣಾಯಿತು. ನನಗೆ ಬೇಕಾದದ್ದು ಸೇಡು. ಆ ಭಿತ್ತಿಪತ್ರವನ್ನು ವಾಚನಾಲಯದ ಬಾಗಿಲಲ್ಲಿ, ಕಲಾವಿದನ ಹೆಸರಿನ ಫಲಕಕ್ಕೆ ಒತ್ತಿಕೊಂಡಿರುವಂತೆಯೇ ತೂಗುಹಾಕಿ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿ: 'ಇವನು ಗೂಢಚಾರನಲ್ಲ. ಇವನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡವನೇ ಇವನಿಗೆ ಈ ಹೆಸರು ತಂದ.' ಆ ಮನೆಯ ಮೊಮ್ಮಕ್ಕಳು ಅಜ್ಜನ ಹೆಸರು ನೋಡಿ ಹಿಗ್ಗಲು ಬಂದಾಗಲೆಲ್ಲ ಇದನ್ನೂ ಓದಲಿ. ಅವರಿಗೆ ಬೇಜಾರಾಗಲಿ. ಚೆನ್ನಾಗಿ ಆಗಲಿ.

ಅಲ್ಲಿಯವರೆಗೆ ನಾನೂ ಅತ್ತೆಯೂ ದಿನವೂ ನಿಮ್ಮ ಮೆಟ್ಟಿಲ ಮೇಲೆ ಕೂತು, ಒಳಬರುವವರಿಗೆಲ್ಲ ಈ ಕಥೆ ಹೇಳುತ್ತೇವೆ. ಅತ್ತೆಗೆ ಕಿವಿ ಮಂದ, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ನಿಮ್ಮ ಕೋಣೆಯ ಕಿಟಕಿ ಮುಚ್ಚಿದರೂ ಕೇಳಿಸುತ್ತದೆ.

ಇಂತಿ,
ನಿಮ್ಮ ಕಾಳಜಿಯಿಂದ ಇನ್ನೂ ಚೇತರಿಸಿಕೊಳ್ಳದ,
ಆ ಕ್ಷೌರಿಕನ ಮಗಳು